ಬೆಲ್ಟಿನ ಏಟು ಸೊಂಟಕ್ಕೆ ಸುತ್ತಿಕೊಂಡಿತು. ಒಪ್ಪಿ ಆಡುವ ಆಟದಲ್ಲಿ ಅಪಾಯ ಕಡಿಮೆ ಮಾಡುವುದು ಹೇಗೆ?

ಕಾಫಿತೋಟದವ
ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ತೋಟದ ಮನೆಯಲ್ಲಿದ್ದೇವೆ. ನನಗೆ 36, ಹೆಂಡತಿಗೆ 33. ಮದುವೆಯಾಗಿ ಎಂಟು ವರ್ಷ ಆಯಿತು. ವಿಷಯ ನೇರವಾಗಿ ಹೇಳುತ್ತೇನೆ. ಬಿಡಿಎಸ್‌ಎಂನಲ್ಲಿ (ಇಬ್ಬರೂ ಒಪ್ಪಿ ಕಟ್ಟುವ, ನೋವು ಕೊಡುವ ಲೈಂಗಿಕ ಆಟಗಳು) ಇಂಪ್ಯಾಕ್ಟ್ ಪ್ಲೇ ಅಂತಾರಲ್ಲ, ಕೈಯಲ್ಲಿ ಅಥವಾ ಬೆಲ್ಟಿನಲ್ಲಿ ಹೊಡೆಯುವ ಆಟ, ಅದು ನಮ್ಮಿಬ್ಬರಿಗೂ ಇಷ್ಟ. ಮೊದಲು ಕೇಳಿದ್ದು ಅವಳೇ. ಒಂದು ವರ್ಷದಿಂದ ಬರೀ ಕೈಯಲ್ಲಿ ಆಡುತ್ತಿದ್ದೆವು. ತೊಂದರೆ ಇರಲಿಲ್ಲ.

ಹೋದ ತಿಂಗಳು ಬೆಲ್ಟು ತೆಗೆದುಕೊಂಡೆವು. ಮೂರನೇ ಏಟು ಕುಂಡಿಯ ಮೇಲೆ ಬೀಳುವ ಬದಲು ತುದಿ ಸುತ್ತಿಕೊಂಡು ಸೊಂಟದ ಪಕ್ಕದ ಮೂಳೆಗೆ ಬಡಿಯಿತು. ಅವಳು ಕಿರುಚಿದಳು. ನಾನು ಅಲ್ಲೇ ನಿಲ್ಲಿಸಿದೆ. ಹತ್ತು ದಿನ ನೀಲಿಗಟ್ಟಿತ್ತು. ಒಂದು ಕ್ಲಿನಿಕ್‌ಗೆ ಹೋದರೆ ಡಾಕ್ಟರು ನನ್ನನ್ನೇ ದುರುಗುಟ್ಟಿ ನೋಡಿದರು. ಅವರು ನೋಡಿದ್ದು ಸರಿಯೇ ಅನ್ನಿಸಿತು. ಆದರೆ ನಮಗೆ ಬೇಕಾದ ಮಾತು ಅಲ್ಲಿ ಸಿಗಲಿಲ್ಲ.

ಎಲ್ಲಿ ಹೊಡೆಯಬಹುದು, ಎಲ್ಲಿ ಬಾರದು, ಯಾವಾಗ ಆಸ್ಪತ್ರೆಗೆ ಓಡಬೇಕು? ತಿಳಿದವರು ಹೇಳಿ. ಕನ್ನಡದಲ್ಲಿ ಹುಡುಕಿದರೆ ಎಲ್ಲ ಅಸಹ್ಯದ ಕಥೆಗಳೇ ಬರುತ್ತವೆ.

ಮಂಜುಮಲೆ
ಕೇಳಿದ್ದು ಒಳ್ಳೆಯದಾಯಿತು ಅಣ್ಣ. ಎಷ್ಟೋ ಜನ ಕೇಳದೇ ಮಾಡ್ತಾರೆ.

ಸಂಪಿಗೆ
ನಾನು ವಿರಾಜಪೇಟೆಯವಳು, ಈಗ ಬೆಂಗಳೂರಲ್ಲಿದ್ದೇನೆ. ಒಂಬತ್ತು ವರ್ಷದಿಂದ ಹೊಡೆಸಿಕೊಳ್ಳುವ ಕಡೆ ಇದ್ದೇನೆ. ನಿಮಗೆ ಆಗಿದ್ದಕ್ಕೆ ‘ರ್‍ಯಾಪ್’ ಅಂತಾರೆ, ಅಂದರೆ ತುದಿ ಸುತ್ತಿಕೊಳ್ಳುವುದು. ಹೊಸಬರೆಲ್ಲ ಮಾಡುವ ಮೊದಲ ತಪ್ಪು ಇದೇ.

ಬೆಲ್ಟಾಗಲಿ ಫ್ಲಾಗರ್ (ಹಲವು ಎಳೆಗಳ ಚಾಟಿ) ಆಗಲಿ, ಬಳುಕುವ ವಸ್ತುವಿನ ತುದಿಯೇ ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ. ನೀವು ತೀರಾ ಹತ್ತಿರ ನಿಂತಿದ್ದಿರಿ. ಬೆಲ್ಟಿನ ನಡುಭಾಗ ಮೈಗೆ ತಾಗಿತು, ಉಳಿದ ತುದಿ ಆಚೆ ಬಳುಕಿ ಪಕ್ಕಕ್ಕೆ ಬಡಿಯಿತು. ಅಲ್ಲಿ ಮಾಂಸವಿಲ್ಲ, ಮೂಳೆ. ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ತುದಿ ಆಚೆ ಕಡೆಯ ಕುಂಡಿಯ ನಡುವೆ ಬೀಳಬೇಕು, ಅದನ್ನು ದಾಟಬಾರದು. ಬೆಲ್ಟನ್ನು ಎರಡು ಮಡಿಕೆ ಮಾಡಿ ಹಿಡಿಯಿರಿ. ಬಕಲ್ ಯಾವಾಗಲೂ ನಿಮ್ಮ ಮುಷ್ಟಿಯ ಒಳಗೆ.

ಇನ್ನೊಂದು ಮಾತು. ಮನುಷ್ಯರ ಮೇಲೆ ಕೈ ಎತ್ತುವ ಮೊದಲು ದಿಂಬಿನ ಮೇಲೆ ಅಭ್ಯಾಸ ಮಾಡಿ. ದಿಂಬಿನ ಮೇಲೆ ಒಂದು ಗುಂಡು ಗೆರೆ ಬರೆಯಿರಿ. ಬೆಲ್ಟಿನ ತುದಿಗೆ ಸೀಮೆಸುಣ್ಣ ಉಜ್ಜಿ. ಎಷ್ಟು ಗುರುತು ಗೆರೆಯ ಹೊರಗೆ ಬಿತ್ತು ಎಂದು ಎಣಿಸಿ. ಗಂಡಸರು ಇದಕ್ಕೆ ನಾಚಿಕೊಳ್ಳುತ್ತಾರೆ. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಬೆಟ್ಟದ_ನರ್ಸ್
ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಜಾಗಗಳ ಬಗ್ಗೆ ಹೇಳುತ್ತೇನೆ.

ಮಾಂಸ ಹೆಚ್ಚಿರುವ ಜಾಗ ಎಂದರೆ ಕುಂಡಿಯ ಕೆಳ ಅರ್ಧ ಮತ್ತು ತೊಡೆಯ ಹಿಂಭಾಗದ ಮೇಲಿನ ಭಾಗ. ಹೊಸಬರಿಗೆ ಅಷ್ಟೇ ಸಾಕು. ಬೆನ್ನಿನ ಮೇಲ್ಭಾಗದಲ್ಲಿ ಭುಜದ ಎಲುಬಿನ ಸುತ್ತ ಸ್ನಾಯು ಇದೆ ನಿಜ, ಆದರೆ ನಡುವೆ ಬೆನ್ನುಹುರಿ, ಮೇಲೆ ಕುತ್ತಿಗೆ. ಕೈ ಪಳಗದವರು ಅಲ್ಲಿಗೆ ಹೋಗಬೇಡಿ.

ಕಿಡ್ನಿ ಇರುವುದು ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ, ಬೆನ್ನಿನ ಎರಡೂ ಪಕ್ಕ. ಅಲ್ಲಿಗೆ ಏಟು ಬೀಳಲೇಬಾರದು. ಬಾಲಮೂಳೆ, ಬೆನ್ನುಹುರಿ, ಕುತ್ತಿಗೆ, ತಲೆ, ಕಿವಿ, ಹೊಟ್ಟೆ, ಮಂಡಿಯ ಹಿಂಭಾಗ, ಕೈಬೆರಳು, ಯಾವುದೇ ಕೀಲು, ಇವೆಲ್ಲ ಬೇಡ. ಏಟು ಬಿದ್ದ ಮೇಲೆ ಕಾಲಿಗೆ ಕರೆಂಟು ಹೊಡೆದ ಹಾಗೆ ಜುಮ್ಮೆಂದರೆ ನರಕ್ಕೆ ತಾಗಿದೆ ಎಂದು ತಿಳಿದು ಅಲ್ಲೇ ನಿಲ್ಲಿಸಿ. ದಪ್ಪನೆಯ ನರ ಕುಂಡಿಯ ಒಳಗಿಂದಲೇ ಕಾಲಿಗೆ ಇಳಿಯುತ್ತದೆ.

ಚಳಿ ಮೈಗೆ ಒಮ್ಮೆಲೇ ಜೋರಾಗಿ ಹೊಡೆಯಬೇಡಿ. ಮಡಿಕೇರಿಯ ಡಿಸೆಂಬರ್‌ನಲ್ಲಂತೂ ಬೇಡವೇ ಬೇಡ. ಮೊದಲು ಕೋಣೆ ಬೆಚ್ಚಗಿರಲಿ. ಕೈಯಿಂದ ಮೆಲ್ಲಗೆ ಶುರು ಮಾಡಿ, ಚರ್ಮ ಕೆಂಪಾಗಿ ಬಿಸಿಯಾಗಲಿ. ಹತ್ತು ಹದಿನೈದು ನಿಮಿಷ ಹೀಗೆ ಕಳೆದ ಮೇಲೆ ನಿಧಾನಕ್ಕೆ ಏರಿಸಿ.

ನಾಪೋಕ್ಲು_ಹುಡುಗ
ಇದನ್ನು ಓದುವಾಗ ನನಗೆ ಪರೆಯ ಕಳಿ ನೆನಪಾಯಿತು. ಪುತ್ತರಿ (ಸುಗ್ಗಿ ಹಬ್ಬ) ಸಮಯದಲ್ಲಿ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಕೊಡವರು ಆಡುತ್ತೇವಲ್ಲ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಮಂಡಿಯ ಕೆಳಗೆ ಮಾತ್ರ ಹೊಡೆಯಬೇಕು. ಬಿಸಿ ಏರಿದರೆ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಮುಗಿದ ಮೇಲೆ ಇಬ್ಬರೂ ತಬ್ಬಿಕೊಳ್ಳಬೇಕು. ಕಾಲಲ್ಲಿ ಬಾಸುಂಡೆ ಇದ್ದರೂ ಮನಸ್ಸಲ್ಲಿ ಇರಬಾರದು ಅಂತ ನನ್ನ ಅಜ್ಜ ಹೇಳುತ್ತಿದ್ದರು. ಜಾಗ ಮೊದಲೇ ಗೊತ್ತು, ನಿಲ್ಲಿಸುವವರು ಇದ್ದಾರೆ, ಕೊನೆಗೆ ಸಮಾಧಾನ ಇದೆ. ನೀವು ಹೇಳುತ್ತಿರುವುದೂ ಇದನ್ನೇ ಅಲ್ವಾ?

ಮೂರುಹೊಳೆ
ತಮ್ಮಾ, ದಯವಿಟ್ಟು ಮಂದ್‌ನ ಕಳಿಯನ್ನು ಮಲಗುವ ಕೋಣೆಗೆ ತರಬೇಡ. ಅದು ಊರಿನದು, ದೇವರ ಮುಂದಿನದು. ಅವರು ಆಡುವುದು ಅವರಿಗೆ ಬಿಟ್ಟದ್ದು. ಹೋಲಿಕೆ ನನಗೆ ನೋವು ಕೊಡುತ್ತದೆ.

ನಾಪೋಕ್ಲು_ಹುಡುಗ
ಬೇಸರ ಮಾಡಬೇಡಿ ಅಣ್ಣ. ಎರಡೂ ಒಂದೇ ಅಂತ ನಾನು ಹೇಳಲಿಲ್ಲ. ಏಟಿಗೂ ಒಂದು ಕಟ್ಟುಪಾಡು ಇರುತ್ತದೆ ಎಂದು ಕಲಿತದ್ದು ನಾನು ಅಲ್ಲಿ. ಅದಕ್ಕೆ ಹೇಳಿದೆ.

ಬೆಟ್ಟದ_ನರ್ಸ್
ಮಂದ್‌ನ ವಿಷಯಕ್ಕೆ ನಾನು ಬರುವುದಿಲ್ಲ. ಆದರೆ ಯಾರಾದರೂ ಇದನ್ನು ಓದಿ ಮೊಣಕಾಲಿನ ಕೆಳಗೆ ಹೊಡೆಯಲು ಹೋಗಬೇಡಿ. ಅಲ್ಲಿ ಎಲುಬಿನ ಮೇಲೆ ಬರೀ ಚರ್ಮ ಇದೆ. ಕಳಿಯಲ್ಲಿ ಗುರಾಣಿ ಇದೆ, ಆಡುವವನು ಹಾರಿ ತಪ್ಪಿಸಿಕೊಳ್ಳುತ್ತಾನೆ. ಇಲ್ಲಿ ಮಲಗಿರುವವರು ತಪ್ಪಿಸಿಕೊಳ್ಳುವುದಿಲ್ಲ. ಕೈ ಕಟ್ಟಿದ್ದರೆ ತಪ್ಪಿಸಿಕೊಳ್ಳಲು ಆಗುವುದೂ ಇಲ್ಲ. ಹಾಗಾಗಿ ಎಲ್ಲಿ ಬೀಳಬೇಕು ಎಂಬ ಹೊಣೆ ಪೂರ್ತಿ ಹೊಡೆಯುವವರದ್ದು. ಕಲಿಯುವ ದಿನಗಳಲ್ಲಿ ಕಟ್ಟುವುದೂ ಹೊಡೆಯುವುದೂ ಒಟ್ಟಿಗೆ ಬೇಡ.

ಗಟ್ಟಿಮಾತು
ನಾನು ಸೋಮವಾರಪೇಟೆ ಕಡೆಯವಳು. ಗಂಡನ ಕೈಯಲ್ಲಿ ಪೆಟ್ಟು ತಿಂದ ಹೆಣ್ಣುಮಕ್ಕಳ ಜೊತೆ ಹದಿನೈದು ವರ್ಷ ಕೆಲಸ ಮಾಡಿದ್ದೇನೆ. ಇಲ್ಲಿ ಎಲ್ಲರೂ ಬೆಲ್ಟು ಹಿಡಿಯುವುದು ಹೇಗೆ ಎಂದು ಮಾತಾಡುತ್ತಿದ್ದೀರಿ. ನನಗೆ ನಿದ್ದೆ ಬರುವುದಿಲ್ಲ. ‘ಅವಳಿಗೇ ಇಷ್ಟ ಮೇಡಂ’ ಎಂದು ಠಾಣೆಯಲ್ಲಿ ನಿಂತು ಹೇಳಿದ ಗಂಡಸರನ್ನು ನೋಡಿದ್ದೇನೆ. ಪಕ್ಕದಲ್ಲಿ ಹೆಂಡತಿ ತಲೆ ತಗ್ಗಿಸಿ ನಿಂತಿರುತ್ತಿದ್ದಳು.

ಈ ಪ್ರಶ್ನೆ ಬರೆದಿರುವುದು ಗಂಡ. ಹೆಂಡತಿ ಎಲ್ಲಿ?

ಕರಿಮೆಣಸು
ಮೇಡಂ, ಅವರು ಮೊದಲೇ ಹೇಳಿದ್ದಾರಲ್ಲ, ಕೇಳಿದ್ದು ಹೆಂಡತಿ ಅಂತ.

ಗಟ್ಟಿಮಾತು
ಅವರು ಹೇಳಿದ್ದಾರೆ. ಅವಳು ಹೇಳಿಲ್ಲ.

ಕಾಫಿತೋಟದವ
ನಮಸ್ಕಾರ ಅಕ್ಕಾ. ನಾನು ಅವರ ಹೆಂಡತಿ. ಇದೇ ಖಾತೆಯಿಂದ ಬರೆಯುತ್ತಿದ್ದೇನೆ. ಅವರು ಕಾಫಿ ಕಣದಲ್ಲಿದ್ದಾರೆ. ನಿಮ್ಮ ಮಾತು ನನಗೆ ಬೇಸರ ಆಗಲಿಲ್ಲ. ನನ್ನ ಚಿಕ್ಕಮ್ಮ ಹಾಗೆಯೇ ಪೆಟ್ಟು ತಿಂದವರು. ಸಿಟ್ಟಿನ ಏಟು ಹೇಗಿರುತ್ತದೆ ಎಂದು ಚಿಕ್ಕವಳಿದ್ದಾಗಲೇ ನೋಡಿದ್ದೇನೆ. ಅದು ಬೇರೆ. ಇದನ್ನು ನಾನೇ ಕೇಳಿದ್ದು. ಕೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಏಟು ಬಿದ್ದ ದಿನ ನನಗಿಂತ ಜಾಸ್ತಿ ಅತ್ತಿದ್ದು ಅವರು.

ಗಟ್ಟಿಮಾತು
ಬರೆದದ್ದಕ್ಕೆ ಥ್ಯಾಂಕ್ಸ್ ತಂಗಿ. ಒಂದೇ ಪ್ರಶ್ನೆ. ಇವತ್ತು ಬೇಡ ಅಂದರೆ ಏನಾಗುತ್ತದೆ? ನಡುವೆ ನಿಲ್ಲಿಸು ಅಂದರೆ ಮಾರನೇ ದಿನ ಮನೆ ಹೇಗಿರುತ್ತದೆ? ಮುಖ ಊದಿಸಿಕೊಂಡು ಮಾತು ಬಿಡುತ್ತಾರಾ?

ಕಾಫಿತೋಟದವ
ಸುಳ್ಳು ಹೇಳುವುದಿಲ್ಲ ಅಕ್ಕಾ. ಶುರುವಿನಲ್ಲಿ ಒಂದು ಸಲ ಮುಖ ಸಪ್ಪಗೆ ಮಾಡಿಕೊಂಡಿದ್ದರು. ಅವತ್ತು ನನಗೂ ‘ಬೇಡ ಅಂದಿದ್ದು ತಪ್ಪಾಯಿತೇನೋ’ ಅನ್ನಿಸಿತ್ತು. ಆಮೇಲೆ ಕೂತು ಮಾತಾಡಿದೆವು. ಅದಾದ ಮೇಲೆ ಆರು ಏಳು ಸಲ ಬೇಡ ಅಂದಿದ್ದೇನೆ. ಎದ್ದು ಹೋಗಿ ಟೀ ಮಾಡಿ ತರುತ್ತಾರೆ.

ಗಟ್ಟಿಮಾತು
ಸರಿ. ಆ ಸಪ್ಪೆ ಮುಖ ಮತ್ತೆ ಬಂದರೆ ಆಟ ಬಿಟ್ಟುಬಿಡಿ. ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ ಹೇಳುತ್ತೇನೆ: ಹೆದರಿಕೊಂಡು ಹೂಂ ಅನ್ನುವ ಸ್ಥಿತಿ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತುರ್ತಾಗಿದ್ದರೆ 112. ಈ ಇಡೀ ವಿಷಯ ನನಗೆ ಇನ್ನೂ ಒಗ್ಗುವುದಿಲ್ಲ. ಆದರೂ ಅಡಗಿಸಿ ಮಾಡುವುದಕ್ಕಿಂತ ಕೇಳಿ ಮಾಡುವುದು ಮೇಲು ಎಂದು ಒಪ್ಪುತ್ತೇನೆ.

ಹೊಸಬ_ಕುಶಾಲನಗರ
ಇದೆಲ್ಲ ಮಾನಸಿಕ ಕಾಯಿಲೆ ಅಲ್ವಾ? ಡಾಕ್ಟರ ಹತ್ತಿರ ತೋರಿಸುವುದು ಒಳ್ಳೆಯದು.

ಹಾರಂಗಿ_ವಕೀಲ
ಇಲ್ಲ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಮತ್ತು 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, ಎರಡೂ ವಯಸ್ಕರು ಒಪ್ಪಿ ಮಾಡುವುದನ್ನು ಅಷ್ಟಕ್ಕೇ ಕಾಯಿಲೆ ಎಂದು ಪರಿಗಣಿಸುವುದಿಲ್ಲ. ಬಲವಂತ ಇದ್ದರೆ ಅದು ಬೇರೆ ಮಾತು.

ಕಾನೂನಿನ ಕಡೆಯಿಂದಲೂ ಹೇಳಬೇಕು. 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 25ನೇ ಸೆಕ್ಷನ್, ಹಳೆಯ ಐಪಿಸಿಯ 87ನೇ ಸೆಕ್ಷನ್. ಹದಿನೆಂಟು ದಾಟಿದವರು ಒಪ್ಪಿದ ಕೆಲಸದಿಂದ ಆಗುವ ಸಣ್ಣ ಪೆಟ್ಟು ಅಪರಾಧವಲ್ಲ ಎನ್ನುತ್ತದೆ. ಕಾನೂನೇ ಕೊಡುವ ಉದಾಹರಣೆ ಏನು ಗೊತ್ತಾ? ಮನರಂಜನೆಗೆ ಕತ್ತಿವರಸೆ ಆಡಲು ಒಪ್ಪಿದ ಇಬ್ಬರು. ಆದರೆ ಸಾವು ಅಥವಾ ತೀವ್ರ ಗಾಯ ಆಗಬಹುದು ಎಂದು ಗೊತ್ತಿದ್ದೂ ಮಾಡಿದರೆ ಈ ರಕ್ಷಣೆ ಇಲ್ಲ. ಮೂಳೆ ಮುರಿದರೆ, ಹಲ್ಲು ಮುರಿದರೆ, ಕಣ್ಣು ಕಿವಿ ಹೋದರೆ, ಹದಿನೈದು ದಿನ ತೀವ್ರ ನೋವಿನಲ್ಲಿ ಒದ್ದಾಡಿದರೆ ಅದು ತೀವ್ರ ಗಾಯ. 28ನೇ ಸೆಕ್ಷನ್ ಪ್ರಕಾರ ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕುಡಿದು ಏನು ಮಾಡುತ್ತಿದ್ದೇನೆ ಎಂದು ತಿಳಿಯದವರ ಒಪ್ಪಿಗೆಯೂ ಅಲ್ಲ.

ಇಂಗ್ಲೆಂಡ್‌ನಲ್ಲಿ 1993ರಲ್ಲಿ ಬ್ರೌನ್ ಪ್ರಕರಣ ಅಂತ ಒಂದು ತೀರ್ಪು ಬಂತು. ಗಾಯ ಆಗುವಷ್ಟು ಹೋದರೆ ಒಪ್ಪಿಗೆ ಇತ್ತು ಎನ್ನುವುದು ಸಮರ್ಥನೆಯಲ್ಲ ಎಂದರು. ಕೋರ್ಟು ನಿಮ್ಮ ಪ್ರೀತಿಯನ್ನು ನೋಡುವುದಿಲ್ಲ, ಗಾಯವನ್ನು ನೋಡುತ್ತದೆ.

ಓದುಗ_ಗೋಣಿಕೊಪ್ಪ
ಇದು ಹೊರದೇಶದಿಂದ ಬಂದದ್ದು ಎಂದುಕೊಳ್ಳುವವರಿಗೆ ಒಂದು ವಿಷಯ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಪ್ರಹಣನ ಎಂದು ಒಂದು ಭಾಗವೇ ಇದೆ. ಅಂಗೈ, ಹಿಂಗೈ, ಮುಷ್ಟಿ, ಬಾಗಿಸಿದ ಬೆರಳು ಎಂದು ನಾಲ್ಕು ಬಗೆ ಹೇಳುತ್ತಾನೆ. ಅದಕ್ಕಿಂತ ಮುಖ್ಯ, ಅಪಾಯವನ್ನೂ ಹೇಳುತ್ತಾನೆ. ದಕ್ಷಿಣದವರ ಕೆಲವು ಗಡಸು ಏಟುಗಳನ್ನು ಹೆಸರಿಸಿ, ಚೋಳರಾಜನ ಏಟಿಗೆ ಚಿತ್ರಸೇನೆ ಎಂಬ ಗಣಿಕೆ ಸತ್ತಳು, ಕುಂತಲದ ಶಾತಕರ್ಣಿ ಶಾತವಾಹನನ ಏಟಿಗೆ ರಾಣಿ ಮಲಯವತಿ ಸತ್ತಳು, ನರದೇವನ ಏಟು ತಪ್ಪಿ ಒಬ್ಬ ನಟಿಯ ಕಣ್ಣು ಹೋಯಿತು ಎಂದು ಬರೆಯುತ್ತಾನೆ. ಕುಂತಲ ಅಂದರೆ ನಮ್ಮ ಕನ್ನಡ ನಾಡಿನ ಕಡೆಯೇ. ಆವೇಶ ಬಂದವನಿಗೆ ತನ್ನ ಬಲ ಗೊತ್ತಾಗುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು.

ಬೆಟ್ಟದ_ನರ್ಸ್
ಅದರಲ್ಲಿ ತಲೆಗೂ ಹೊಡೆಯಬಹುದು ಎಂದಿದೆಯಲ್ಲ ಸರ್. ಅದನ್ನು ಇವತ್ತು ಯಾರೂ ಪಾಲಿಸಬೇಡಿ.

ಓದುಗ_ಗೋಣಿಕೊಪ್ಪ
ಹೌದು, ಒಪ್ಪಿದೆ. ಅದನ್ನು ಸೇರಿಸಿ ಹೇಳಬೇಕಿತ್ತು.

ಸಂಪಿಗೆ
ಸೇಫ್‌ವರ್ಡ್, ಅಂದರೆ ಆಟ ನಿಲ್ಲಿಸಲು ಮೊದಲೇ ಒಪ್ಪಿಕೊಂಡ ಪದ, ಅದರ ಬಗ್ಗೆ ಯಾರೂ ಹೇಳಲಿಲ್ಲ. ‘ಸಾಕು’, ‘ಬೇಡ’, ‘ಅಯ್ಯೋ’ ಎಲ್ಲ ಆಟದ ನಡುವೆ ಬಾಯಿಗೆ ಬರುತ್ತವೆ. ಅದಕ್ಕೇ ಬೇರೆ ಪದ ಬೇಕು. ಸುಲಭ ಅಂದರೆ ಟ್ರಾಫಿಕ್ ದೀಪ. ಹಸಿರು ಅಂದರೆ ಸರಿ ಇದೆ. ಹಳದಿ ಅಂದರೆ ಮೆಲ್ಲಗೆ, ಅಥವಾ ಜಾಗ ಬದಲಿಸು. ಕೆಂಪು ಅಂದರೆ ಎಲ್ಲ ನಿಂತಿತು. ಕೆಂಪು ಹೇಳಿದ ಮೇಲೆ ‘ಯಾಕೆ’ ಎಂದು ಕೇಳುವುದೂ ಆಮೇಲೆ.

ನಮ್ಮ ಕೊಡಗಿಗೆ ಒಂದು ವಿಶೇಷ ತೊಂದರೆ ಇದೆ. ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ದಿಂಬಿಗೆ ಮುಖ ಒತ್ತಿಕೊಂಡವರ ‘ಕೆಂಪು’ ಹೇಗೆ ಕೇಳಬೇಕು? ಅಮ್ಮನ ಮನೆಗೆ ಬಂದಿದ್ದಾಗ ನನಗೇ ಹಾಗಾಯಿತು. ಮೂರು ಸಲ ಹೇಳಿದೆ, ಅವರಿಗೆ ಕೇಳಲಿಲ್ಲ. ಬೀಗದ ಕೈ ಕೆಳಗೆ ಬೀಳಿಸುವುದು ಅಂತ ಪುಸ್ತಕದಲ್ಲಿ ಹೇಳುತ್ತಾರೆ, ಆ ಮಳೆಯಲ್ಲಿ ಅದೂ ಕೇಳುವುದಿಲ್ಲ. ಈಗ ಕೈಯಲ್ಲಿ ಸಣ್ಣ ಟಾರ್ಚ್ ಹಿಡಿದಿರುತ್ತೇನೆ. ಬೆಳಕು ಹತ್ತಿದರೆ ನಿಲ್ಲಿಸಬೇಕು. ಅವರೂ ನಾಲ್ಕೈದು ಏಟಿಗೊಮ್ಮೆ ನನ್ನ ಕೈ ಹಿಡಿದು ಎರಡು ಸಲ ಒತ್ತುತ್ತಾರೆ. ನಾನು ತಿರುಗಿ ಎರಡು ಸಲ ಒತ್ತದಿದ್ದರೆ ಆಟ ನಿಂತ ಹಾಗೆ.

ಕರಿಮೆಣಸು
ಟಾರ್ಚ್ ವಿಷಯ ಚೆನ್ನಾಗಿದೆ. ಕರೆಂಟು ಹೋದರೂ ನಿಲ್ಲಿಸಬೇಕು. ಕತ್ತಲಲ್ಲಿ ಹೊಡೆಯಲೇಬಾರದು.

ನಾನು ಬೆತ್ತದ ಬಗ್ಗೆ ಹೇಳುತ್ತೇನೆ, ಯಾಕಂದರೆ ಬೆಲ್ಟಾದ ಮೇಲೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಕೈಗೆ ಸಿಕ್ಕಿದ ಬಿದಿರು ಬೇಡ. ಬಿದಿರು ಸೀಳುತ್ತದೆ, ಸಿಬಿರು ಚರ್ಮಕ್ಕೆ ಹೋಗುತ್ತದೆ. ಕಾಫಿ ಗಿಡದ ಚಿಗುರು ಕಡ್ಡಿಯೂ ಬೇಡ, ಗಂಟಿನಲ್ಲಿ ಮುರಿಯುತ್ತದೆ. ಬೆತ್ತ ಒಳಗೆ ತುಂಬಿರುವ ಬಳ್ಳಿ, ಬಳುಕುತ್ತದೆ. ಆದರೆ ಒಣಗಿದರೆ ಅದೂ ಸೀಳುತ್ತದೆ. ಆಗಾಗ ನೀರಲ್ಲಿ ನೆನೆಸಿ ಒರೆಸಿಡಿ. ಪ್ರತಿ ಸಲ ಹತ್ತಿ ಉಂಡೆಯನ್ನು ಅದರ ಮೇಲೆ ಎಳೆದು ನೋಡಿ. ಹತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಇದೆ.

ತೆಳು ಬೆತ್ತ ಮೇಲೆ ಮೇಲೆ ಉರಿಯುತ್ತದೆ, ಬೇಗ ಚರ್ಮ ಹರಿಯುತ್ತದೆ. ದಪ್ಪದ್ದು ಒಳಕ್ಕೆ ಇಳಿಯುತ್ತದೆ. ನೋವು ಕಡಿಮೆ ಅನ್ನಿಸಿದರೂ ಒಳಗಿನ ಪೆಟ್ಟು ದೊಡ್ಡದಿರಬಹುದು. ಹೊಸಬರು ಇವೆರಡನ್ನೂ ಬಿಟ್ಟು ಅಂಗೈಯಲ್ಲೇ ಒಂದು ವರ್ಷ ಇರಿ. ಹೊಡೆದವರ ಕೈಯೇ ಉರಿಯುವಾಗ ಎಷ್ಟಾಯಿತು ಎಂದು ತಾನಾಗಿ ತಿಳಿಯುತ್ತದೆ.

ಮಂಜುಮಲೆ
ಬೆತ್ತ ಈಗ ಎಲ್ಲಿ ಸಿಗುತ್ತೆ? ಮೊದಲು ಮಡಿಕೇರಿ ಸಂತೆಯಲ್ಲಿ ಬುಟ್ಟಿ ಹೆಣೆಯುವವರು ಬರುತ್ತಿದ್ದರು.

ಮೂರುಹೊಳೆ
ಕಾಡಿಂದ ಕಡಿದು ತರಬೇಡಿ. ಅರಣ್ಯ ಇಲಾಖೆಯ ಕೇಸು ಆಗುತ್ತದೆ.

ಬೆಟ್ಟದ_ನರ್ಸ್
ಬೆತ್ತದ ಮಾತು ಬಂದಿದ್ದಕ್ಕೆ ರಕ್ತದ ಮಾತು. ಚರ್ಮ ಹರಿದು ರಕ್ತ ಕಂಡರೆ ಆಟ ಮುಗಿಯಿತು. ಸೋಪು ನೀರಲ್ಲಿ ತೊಳೆಯಿರಿ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತು ನೋಡಿ. ಬೆತ್ತ, ಚರ್ಮದ ವಸ್ತು ರಕ್ತ ಹೀರುತ್ತವೆ, ಪೂರ್ತಿ ಶುದ್ಧ ಮಾಡಲು ಆಗುವುದಿಲ್ಲ. ಒಬ್ಬರ ರಕ್ತ ತಾಗಿದ್ದು ಇನ್ನೊಬ್ಬರಿಗೆ ತಾಗಬಾರದು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದಿಂದ ಹರಡುತ್ತವೆ.

ಹೃದಯಕ್ಕೆ ಎಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ಈ ಆಟಕ್ಕೆ ಇಳಿಯಬೇಡಿ, ಒಳಗೆ ರಕ್ತ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಗಾಯ ಬೇಗ ಮಾಯುವುದಿಲ್ಲ. ಗರ್ಭಿಣಿಯರಿಗೆ ಬೇಡವೇ ಬೇಡ.

ಮತ್ತೆ ಕುಡಿತ. ಮನೆಯ ವೈನು ಎರಡು ಗ್ಲಾಸು ತಾನೇ ಅನ್ನುವವರು ನಮ್ಮಲ್ಲಿ ತುಂಬ ಜನ. ಕುಡಿದವರಿಗೆ ನೋವು ಕಡಿಮೆ ಗೊತ್ತಾಗುತ್ತದೆ, ನೋವೇ ನಮ್ಮ ಎಚ್ಚರಿಕೆ ಗಂಟೆ. ಹೊಡೆಯುವವರು ಕುಡಿದಿದ್ದರೆ ಗುರಿಯೂ ಹೋಯಿತು. ಇಬ್ಬರಲ್ಲಿ ಒಬ್ಬರು ಕುಡಿದಿದ್ದರೂ ಆ ರಾತ್ರಿ ಬೇಡ.

ಪೊಳ್ಳಚ್ಚಿರ
ಎರಡು ಪೆಗ್ಗಿಗೆ ಏನಾಗಲ್ಲ ಅಕ್ಕಾ. ಧೈರ್ಯ ಬರುತ್ತೆ.

ಬೆಟ್ಟದ_ನರ್ಸ್
ಆ ಧೈರ್ಯವೇ ಅಪಾಯ ತಮ್ಮಾ. ಇದರಲ್ಲಿ ನಾನು ಒಂದಿಂಚೂ ಬಿಡುವುದಿಲ್ಲ.

ಕಾಫಿತೋಟದವ
ಗಂಡ ಬರೆಯುತ್ತಿದ್ದೇನೆ. ಯಾವ ಲಕ್ಷಣಕ್ಕೆ ಆಸ್ಪತ್ರೆಗೆ ಹೋಗಬೇಕು ಎಂದು ಒಂದು ಸಲ ಹೇಳಿಬಿಡಿ ಸಿಸ್ಟರ್.

ಬೆಟ್ಟದ_ನರ್ಸ್
ಮೂತ್ರ ಕೆಂಪಾದರೆ, ಅಥವಾ ಕಷಾಯದ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ. ಕಿಡ್ನಿಗೆ ಪೆಟ್ಟಾಗಿರಬಹುದು. ಮೈ ತುಂಬ ಹೊಡೆದಾಗ ಸ್ನಾಯು ಒಡೆದು ಅದರ ಕಸ ಕಿಡ್ನಿಯನ್ನು ಕಟ್ಟಿಬಿಡುವುದೂ ಇದೆ. ಮರಗಟ್ಟುವುದು, ಕಾಲು ಎಳೆಯುವುದು, ತಲೆ ಸುತ್ತು, ಉಸಿರಾಡಲು ಕಷ್ಟ, ಊತ ಗಟ್ಟಿಯಾಗಿ ಬೆಳೆಯುತ್ತಲೇ ಹೋಗುವುದು, ಇವಕ್ಕೂ ಕಾಯಬೇಡಿ. ಡಾಕ್ಟರಿಗೆ ನಿಜ ಹೇಳಿ. ಮೆಟ್ಟಿಲಿಂದ ಬಿದ್ದೆ ಎಂದು ಹೇಳಿದರೆ ಅವರು ಬೇರೆ ಕಡೆ ಹುಡುಕುತ್ತಾರೆ, ಸಮಯ ಹೋಗುತ್ತದೆ. ನಿಮ್ಮನ್ನು ದುರುಗುಟ್ಟಿ ನೋಡಿದರೆ ನೋಡಲಿ. ಹೆಂಡತಿಯನ್ನು ಒಬ್ಬರನ್ನೇ ಕೂರಿಸಿ ಕೇಳಿದರೆ ನೀವು ಹೊರಗೆ ಹೋಗಿ ನಿಲ್ಲಿ, ಅದು ಅವರ ಕರ್ತವ್ಯ.

ಸುಮ್ನೆ ನೀಲಿಗಟ್ಟಿದ್ದಕ್ಕೆ ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ. ಬಿಸಿ ಶಾಖ ಆಮೇಲೆ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಇನ್ನೊಂದು ಲೆಕ್ಕ. ತೋಟದ ಮನೆಯಿಂದ ಟಾರು ರಸ್ತೆಗೇ ಅರ್ಧ ಗಂಟೆ ಬೇಕಾಗಬಹುದು. ದೊಡ್ಡ ಆಸ್ಪತ್ರೆ ಎಂದರೆ ಮಡಿಕೇರಿ, ಅಲ್ಲೂ ಆಗದಿದ್ದರೆ ಮೈಸೂರು, ಅಲ್ಲಿಂದ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದರೆ ಆಂಬುಲೆನ್ಸ್ ಬರುವುದಿಲ್ಲ, ಫೋನೂ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಬೆಂಗಳೂರಿನವರು ಹೋಗುವಷ್ಟು ದೂರ ನೀವು ಹೋಗಬೇಡಿ. ರಸ್ತೆ ಬಂದ್ ಇರುವ ದಿನ ಆಟವೇ ಬೇಡ.

ಸಂಪಿಗೆ
ಮುಗಿದ ಮೇಲಿನ ಹೊತ್ತನ್ನೂ ಮರೆಯಬೇಡಿ. ಕಂಬಳಿ, ಬಿಸಿ ನೀರು, ಏನಾದರೂ ಸಿಹಿ. ಅರ್ಧ ಗಂಟೆ ಜೊತೆಗಿರಿ, ಮೊಬೈಲು ಮುಟ್ಟಬೇಡಿ. ನನಗೆ ಮಾರನೇ ದಿನ ಅಥವಾ ಅದರ ಮಾರನೇ ದಿನ ಕಾರಣ ಇಲ್ಲದೆ ಅಳು ಬರುತ್ತದೆ. ಎಲ್ಲರಿಗೂ ಅಲ್ಲ, ಎಷ್ಟೋ ಜನರಿಗೆ. ಹೊಡೆದವರಿಗೂ ಬರುತ್ತದೆ. ‘ನಾನು ಕೆಟ್ಟವನೇನೋ’ ಅನ್ನಿಸುತ್ತದೆ. ಎರಡು ದಿನ ಬಿಟ್ಟು, ಬಟ್ಟೆ ಒಗೆಯುವಾಗಲೋ ಅಡುಗೆ ಮಾಡುವಾಗಲೋ, ಅವತ್ತು ಯಾವುದು ಸರಿಯಾಯಿತು, ಯಾವುದು ಆಗಲಿಲ್ಲ ಎಂದು ಮಾತಾಡಿ.

ಕಾಫಿತೋಟದವ
ಅಂದು ಬೆಲ್ಟು ತಾಗಿದ ಮೇಲೆ ಒಂದು ವಾರ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಲ್ಲ, ನಾಚಿಕೆ. ಅದನ್ನು ಅವಳು ಬೇರೆ ರೀತಿ ತಿಳಿದುಕೊಂಡಳು ಎಂದು ಈಗ ಗೊತ್ತಾಯಿತು. ಇವತ್ತು ರಾತ್ರಿ ಹೇಳುತ್ತೇನೆ.

ಗಟ್ಟಿಮಾತು
ಹೇಳಿ. ಇವತ್ತೇ ಹೇಳಿ.

ಹೊಸಬ_ಕುಶಾಲನಗರ
ಕಾಯಿಲೆ ಅಂದಿದ್ದಕ್ಕೆ ಕ್ಷಮಿಸಿ. ಗೊತ್ತಿರಲಿಲ್ಲ.

ಕಾಫಿತೋಟದವ
ಎರಡು ವಾರ ಆಯಿತು. ಹೆಂಡತಿ ಬರೆಯುತ್ತಿದ್ದೇನೆ. ಹಳೆಯ ದಿಂಬಿನ ಮೇಲೆ ಗುಂಡು ಗೆರೆ ಬರೆದು ಕೊಟ್ಟೆ. ಮೊದಲ ದಿನ ಇಪ್ಪತ್ತರಲ್ಲಿ ಒಂಬತ್ತು ಹೊರಗೆ. ನಿನ್ನೆ ಇಪ್ಪತ್ತರಲ್ಲಿ ಎರಡು. ಆ ಎರಡೂ ಸೊಂಟದ ಕಡೆಗೇ ಬಿದ್ದಿವೆ. ಇನ್ನೂ ಸ್ವಲ್ಪ ದಿನ ದಿಂಬೇ ಇರಲಿ ಎಂದಿದ್ದೇನೆ. ಹೂಂ ಅಂದು ಟೀ ಇಡಲು ಹೋಗಿದ್ದಾರೆ.